ನೂರಾದ ಮೇಲೆ ನಗುವ ಬ್ರೌಸರು

ಈ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ಅರಕೆರೆ, ಶ್ರೀರಂಗಪಟ್ಟಣದಿಂದ ಬನ್ನೂರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದವನ ಮುಂದೆ ಅತ್ತಿಗೆ ಫೋನ್ ತಂದು ಹಿಡಿದರು.

"ಇದೊಸಿ ನೋಡಪ್ಪ. ಇಲ್ಲಿ ಮೊದ್ಲು ನಂಬರ್ ಬತ್ತಿತ್ತು. ಈಗ ನಂಬರ್ ಹೋಗಿ ನಗ್ತಾ ಕೂತದೆ. ವೈರಸ್ ಏನಾರ ಬಂದದಾ?"

ವೈರಸ್ ಅಲ್ಲ. ಎಷ್ಟು ಟ್ಯಾಬ್ ತೆರೆದಿವೆ ಅಂತ ತೋರಿಸುವ ಪುಟ್ಟ ಚೌಕ ಅದು. ಅದರಲ್ಲಿ ಎರಡಂಕಿಗಷ್ಟೇ ಜಾಗ. 99 ದಾಟಿದರೆ ಅಂಕಿಯ ಬದಲು ನಗುವ ಮುಖ ಬರುತ್ತದೆ. ಅದನ್ನು ಬರೆದವನು ಯಾರೋ ತಮಾಷೆಯ ಮನುಷ್ಯ. ನಮ್ಮ ಆಫೀಸಿನಲ್ಲೂ ಇದು ತಮಾಷೆಯೇ. ಟೀ ಕುಡಿಯುವಾಗ "ನಿಂದೆಷ್ಟು ಟ್ಯಾಬು?" ಅಂತ ಕೇಳಿಕೊಳ್ಳುತ್ತೇವೆ, ಹೆಚ್ಚಿದ್ದವನು ಹೆಚ್ಚು ಬ್ಯುಸಿ ಅನ್ನೋ ಲೆಕ್ಕ. ಆವತ್ತು ಊರಿಗೆ ಹೊತ್ತು ತಂದಿದ್ದ ಲ್ಯಾಪ್‌ಟಾಪಿನಲ್ಲಿ ನನ್ನದು 112 ಇತ್ತು. ನನ್ನದಕ್ಕೆ 32 ಜಿಬಿ ರ‍್ಯಾಮ್. ಅತ್ತಿಗೆಯ ಫೋನಿಗೆ 3.

ಆದರೆ ಅತ್ತಿಗೆಯ ನಿಜವಾದ ತೊಂದರೆ ನಗುವ ಮುಖದ್ದಲ್ಲ. ಅಣ್ಣನ ಮಗಳಿಗೆ ವಿದ್ಯಾರ್ಥಿವೇತನದ ಅರ್ಜಿ ಹಾಕಬೇಕಿತ್ತು. ಯಾವ ಸೈಟು ಅನ್ನೋದು ಇಲ್ಲಿ ಬೇಡ. ನಾಲ್ಕು ಪುಟದ ಅರ್ಜಿ. ಮೊದಲ ಎರಡು ಪುಟ ಹೆಸರು, ವಿಳಾಸ, ಜಾತಿ, ಆದಾಯ, ಬ್ಯಾಂಕು. ಮೂರನೇ ಪುಟದಲ್ಲಿ ಒಟಿಪಿ. ಒಟಿಪಿ ಬಂತು ಅಂತ ಮೆಸೇಜಿಗೆ ಹೋಗಿ, ಆರು ಅಂಕಿ ಬಾಯಲ್ಲಿ ಹೇಳಿಕೊಳ್ಳುತ್ತಾ ವಾಪಸ್ ಬರುವಷ್ಟರಲ್ಲಿ ಪುಟ ಬೆಳ್ಳಗಾಗಿ, ಚಕ್ರ ತಿರುಗಿ, ಮತ್ತೆ ಮೊದಲನೇ ಪುಟ. ಎಲ್ಲ ಖಾಲಿ. ಮೂರು ಸಲ ತುಂಬಿದ್ದರು. ಕೊನೇ ದಿನಾಂಕಕ್ಕೆ ಎರಡೇ ದಿನ.

ನಾನು ಬೆಂಗಳೂರಿನ ಇಂಜಿನಿಯರ್. ತಡ ಮಾಡದೆ ತೀರ್ಪು ಕೊಟ್ಟೆ: "ಅತ್ತಿಗೆ, ಇಷ್ಟೊಂದು ಟ್ಯಾಬ್ ಮಡಗಿಕೊಂಡ್ರೆ ಇನ್ನೇನಾಗುತ್ತೆ? ಎಲ್ಲಾ ಕ್ಲೋಸ್ ಮಾಡಿ." ನಾನೇ ಒತ್ತಿದೆ, ಎಲ್ಲಾ ಹೋಯಿತು. ಅತ್ತಿಗೆ ನಾಲ್ಕನೇ ಸಲ ತುಂಬಿದರು, ಒಟಿಪಿ ನೋಡಲು ಹೋದರು, ಬಂದರು. ಮೊದಲನೇ ಪುಟ. ಖಾಲಿ.

ಅವರು ಬೈಯಲಿಲ್ಲ. ಫೋನ್ ಮಡಿಲಲ್ಲಿ ಇಟ್ಟುಕೊಂಡು, "ನಿಮ್ ಕಂಪ್ನೀಲೂ ಇಂಥಾವೇ ಮಾಡ್ತೀರಾ?" ಅಂತ ಕೇಳಿದರು. ಕುತೂಹಲಕ್ಕೇ ಕೇಳಿದ್ದು ಅನ್ನಿಸುತ್ತೆ.

ಈ ಬರಹ ಆ ಪ್ರಶ್ನೆಯಿಂದ ಶುರುವಾದದ್ದು. ಬ್ರೌಸರ್ ಮೆಮೊರಿ ಕಡಿಮೆ ಮಾಡೋದು ಹೇಗೆ ಅನ್ನೋ ಉಪದೇಶ ನೀವೂ ನೂರು ಕಡೆ ಓದಿರುತ್ತೀರಿ. ಟ್ಯಾಬ್ ಮುಚ್ಚಿ, ಬೇಡದ ಎಕ್ಸ್‌ಟೆನ್ಷನ್ ತೆಗೆಯಿರಿ, ಮೆಮೊರಿ ಸೇವರ್ ಹಾಕಿ, ಅಪ್‌ಡೇಟ್ ಮಾಡಿ, ಕೊನೆಗೆ ರ‍್ಯಾಮ್ ಕೊಳ್ಳಿ. ಒಂದೊಂದೇ ತೆಗೆದುಕೊಂಡರೆ ಯಾವುದೂ ಸುಳ್ಳಲ್ಲ. ನನ್ನ ತಕರಾರು ಇಡೀ ಪಟ್ಟಿಯ ಮೇಲೆ. ಅದನ್ನು ಓದುತ್ತಾ ಹೋದರೆ ತಪ್ಪಿತಸ್ಥ ಒಬ್ಬನೇ, ಪರದೆ ಮುಂದೆ ಕೂತವನು. ಪುಟ ಬರೆದವನ ಹೆಸರು ಎಲ್ಲೂ ಬರಲ್ಲ. ಬರೆಯೋನು ನನ್ನಂಥವನೇ ಆದ್ದರಿಂದ ಇದು ನಮಗೆಲ್ಲ ಬಹಳ ಅನುಕೂಲದ ಪಟ್ಟಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 2008ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬಂದಾಗ ನಾನು ಬಿಇ ಮೊದಲ ವರ್ಷ. ಅಲ್ಲಿಯವರೆಗೂ ಲ್ಯಾಬಿನಲ್ಲಿ ಒಂದು ಪುಟ ಕೆಟ್ಟರೆ ಇಡೀ ಬ್ರೌಸರ್ ಮಲಗುತ್ತಿತ್ತು, ಪಕ್ಕದ ಟ್ಯಾಬಿನಲ್ಲಿ ಅರ್ಧ ಬರೆದ ಮೇಲ್ ಸಮೇತ. ಕ್ರೋಮ್ ತಂಡ ತಮ್ಮ ವಿನ್ಯಾಸವನ್ನು ಸ್ಕಾಟ್ ಮೆಕ್‌ಕ್ಲೌಡ್ ಎಂಬ ಕಾಮಿಕ್ಸ್ ಕಲಾವಿದನಿಂದ ಚಿತ್ರ ಬರೆಸಿ ವಿವರಿಸಿತ್ತು. ಒಂದೊಂದು ಟ್ಯಾಬಿಗೂ ಬೇರೆ ಪ್ರೋಸೆಸ್. ಒಂದು ಸತ್ತರೆ ಇನ್ನೊಂದಕ್ಕೆ ಸೂತಕ ಇಲ್ಲ. ಟ್ಯಾಬ್ ಮುಚ್ಚಿದರೆ ಅದರ ಮೆಮೊರಿ ಚೂರುಚೂರಾಗಿ ಉಳಿಯದೆ ಇಡಿಯಾಗಿ ವಾಪಸ್. ಶುರುವಿನಲ್ಲಿ ಸ್ವಲ್ಪ ಹೆಚ್ಚು ಮೆಮೊರಿ ಬೇಕಾಗುತ್ತೆ ಅಂತ ಅದರಲ್ಲೇ ಒಪ್ಪಿಕೊಂಡಿದ್ದರು. ಅಂದರೆ "ಕ್ರೋಮ್ ರ‍್ಯಾಮ್ ತಿನ್ನುತ್ತೆ" ಅನ್ನೋ ಮೀಮುಗಳಿಗೆ ಮೂಲವಾದದ್ದು ಆಲಸ್ಯವಲ್ಲ, ಗೊತ್ತಿದ್ದೇ ಮಾಡಿದ ವ್ಯಾಪಾರ. ಜಾಗ ಕೊಟ್ಟು ಭದ್ರತೆ ಕೊಂಡರು.

ಅದೇ ವ್ಯಾಪಾರ 2018ರಲ್ಲಿ ಇನ್ನೊಂದು ಸುತ್ತು ನಡೆಯಿತು. ಆ ವರ್ಷದ ಜನವರಿಯಲ್ಲಿ ಸ್ಪೆಕ್ಟರ್ ಎಂಬ ದೋಷ ಹೊರಬಿತ್ತು. ದೋಷ ಇದ್ದದ್ದು ಬ್ರೌಸರಿನಲ್ಲಲ್ಲ, ಪ್ರೊಸೆಸರ್ ಚಿಪ್‌ಗಳಲ್ಲೇ. ಒಂದೇ ಪ್ರೋಸೆಸ್‌ನಲ್ಲಿ ಕೂತ ಒಂದು ಸೈಟು ಇನ್ನೊಂದರ ಮೆಮೊರಿಯನ್ನು ಕದ್ದು ಓದುವ ಅಪಾಯ. ಅದಕ್ಕೆ ಉತ್ತರವಾಗಿ ಕ್ರೋಮ್ 67 ಡೆಸ್ಕ್‌ಟಾಪಿನಲ್ಲಿ ಸೈಟ್ ಐಸೊಲೇಷನ್ ತಂದಿತು. ಒಂದು ಪುಟದೊಳಗೆ ಬೇರೆ ಸೈಟಿನ ಜಾಹೀರಾತು ಚೌಕಟ್ಟು ಇದ್ದರೆ ಅದಕ್ಕೂ ಬೇರೆ ಮನೆ. ಮೆಮೊರಿ ಖರ್ಚು ಶೇ 10ರಿಂದ 13ರಷ್ಟು ಹೆಚ್ಚುತ್ತೆ ಅಂತ ಗೂಗಲ್‌ನವರೇ ಹೇಳಿದರು. ಇಲ್ಲಿಯವರೆಗೆ ನನಗೆ ತಕರಾರಿಲ್ಲ. ನನ್ನ ಬ್ಯಾಂಕಿನ ಪುಟ ಪಕ್ಕದ ಮನೆಯವನಿಗೆ ಕಾಣದಿರಲಿ ಅಂತ ಗೋಡೆ ಕಟ್ಟಿದರೆ ಇಟ್ಟಿಗೆ ಖರ್ಚಾಗಲೇಬೇಕು.

ತಕರಾರು ಬಂದದ್ದು 2019ರಲ್ಲಿ. ಇದೇ ಗೋಡೆ ಆಂಡ್ರಾಯ್ಡ್ ಫೋನಿಗೂ ಬಂತು. ಆದರೆ ಪಾಸ್‌ವರ್ಡ್ ಹಾಕುವ ಸೈಟುಗಳಿಗೆ ಮಾತ್ರ, ಅದೂ 2 ಜಿಬಿ ರ‍್ಯಾಮ್ ಆದರೂ ಇರುವ ಫೋನುಗಳಿಗೆ ಮಾತ್ರ. ಕಾರಣ ನನಗೆ ಅರ್ಥವಾಗುತ್ತೆ, ಇಲ್ಲದ ಮೆಮೊರಿಯನ್ನು ಎಲ್ಲಿಂದ ತರೋದು? ಆದರೂ ಆ ಸಾಲನ್ನು ಓದಿದಾಗ ಒಂದು ನಿಮಿಷ ಸುಮ್ಮನೆ ಕೂತಿದ್ದೆ. ರ‍್ಯಾಮ್ ಕಡಿಮೆ ಇದ್ದವರ ಬ್ಯಾಂಕು ಬ್ಯಾಂಕಲ್ಲವಾ?

ಈಗ ಒಂದು ಟ್ಯಾಬಿನೊಳಗೆ ಏನಿರುತ್ತೆ ನೋಡಿ. ಅಕ್ಷರಗಳು ಲೆಕ್ಕಕ್ಕೇ ಬರಲ್ಲ. ಚಿತ್ರ ಬರುತ್ತೆ. 12 ಮೆಗಾಪಿಕ್ಸೆಲ್‌ನ ಒಂದು ಫೋಟೊ ಫೈಲಾಗಿ 3 ಎಂಬಿ ಇರಬಹುದು. ಪರದೆ ಮೇಲೆ ತೋರಿಸಲು ಪೂರ್ತಿ ಬಿಚ್ಚಿದರೆ ಒಂದೊಂದು ಚುಕ್ಕಿಗೂ 4 ಬೈಟ್, 4000 ಗುಣಿಸು 3000 ಗುಣಿಸು 4, ಅಲ್ಲಿಗೆ 48 ಎಂಬಿ. ಯಾರೋ ಮಂತ್ರಿಗಳ ಉದ್ಘಾಟನೆಯ ಫೋಟೊವನ್ನು ಕ್ಯಾಮೆರಾದಿಂದ ನೇರ ತಂದು ಪುಟದ ತಲೆಗೆ ಏರಿಸಿದರೆ, ಅದೂ ಐದು ಫೋಟೊ ಸರದಿಯಲ್ಲಿ ಜಾರುವ ಹಾಗೆ ಮಾಡಿದರೆ, ಲೆಕ್ಕ ನೀವೇ ಹಾಕಿಕೊಳ್ಳಿ. ಬ್ರೌಸರುಗಳು ಜಾಣತನ ಮಾಡಿ ಚಿತ್ರವನ್ನು ಕುಗ್ಗಿಸಿ ಬಿಚ್ಚುವುದುಂಟು, ಕಾಣದ ಚಿತ್ರವನ್ನು ಬಿಡುವುದೂ ಉಂಟು. ನಮ್ಮ ದಡ್ಡತನವನ್ನು ಅವು ಎಷ್ಟು ದಿನ ಹೊರಬೇಕು?

ಅದಕ್ಕಿಂತ ದೊಡ್ಡದು ಜಾವಾಸ್ಕ್ರಿಪ್ಟ್. ಒಂದು ಗುಂಡಿ ಬೇಕು ಅಂತ ಇಡೀ ಲೈಬ್ರರಿ ತರುತ್ತೇವೆ. ಅದು ಬಂದು, ಬಿಚ್ಚಿಕೊಂಡು, ಕಂಪೈಲ್ ಆಗಿ ಕೂರುತ್ತೆ. ಆಮೇಲೆ ಸೋರಿಕೆ. 30 ಸೆಕೆಂಡಿಗೊಮ್ಮೆ ಸರ್ವರಿನಿಂದ ಅಂಕಿಸಂಖ್ಯೆ ತಂದು ಒಂದು ಪಟ್ಟಿಗೆ ಸೇರಿಸುವ ಪುಟ ಬರೆದಿದ್ದೀರಿ ಅನ್ನಿ. ಹಳೆಯದನ್ನು ತೆಗೆಯೋದು ಮರೆತಿದ್ದೀರಿ. ಕಸ ಗುಡಿಸುವ ವ್ಯವಸ್ಥೆ ಬ್ರೌಸರಿನೊಳಗೆ ಇದೆ, ಆದರೆ ನೀವು ಇನ್ನೂ ಹೆಸರಿಟ್ಟು ಹಿಡಿದುಕೊಂಡಿರುವುದನ್ನು ಅದು ಕಸ ಅಂತ ಹೇಗೆ ತಿಳಿಯಬೇಕು? ನಮ್ಮ ಆಫೀಸಿನ ಒಂದು ಡ್ಯಾಶ್‌ಬೋರ್ಡು ಹೀಗೇ. ಶುಕ್ರವಾರ ತೆರೆದಿಟ್ಟು ಹೋಗಿ ಸೋಮವಾರ ಬಂದು ನೋಡಿದರೆ 1 ಜಿಬಿ ದಾಟಿ ಕೂತಿತ್ತು. ಅಪ್ಪನ ಹತ್ತಿರ ಒಂದು ಜಿಯೋ ಫೋನ್ ಇತ್ತು, 2017ರ ಮಾದರಿ. ಇಡೀ ಫೋನಿನ ಮೆಮೊರಿ 512 ಎಂಬಿ, ಅದರ ಕೈಓಎಸ್ ಹುಟ್ಟಿದ್ದೇ ಫೈರ್‌ಫಾಕ್ಸ್ ಓಎಸ್‌ನಿಂದ. ನಾವು ಬರೆದ ಒಂದೇ ಒಂದು ಟ್ಯಾಬಿಗೆ ಅಂಥ ಎರಡು ಫೋನು ಸಾಲುತ್ತಿರಲಿಲ್ಲ.

ಇದನ್ನು ನೀವೇ ನೋಡಬಹುದು. ಡೆಸ್ಕ್‌ಟಾಪ್ ಕ್ರೋಮಿನಲ್ಲಿ ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿದರೆ ಅದರದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಜಾಗದಲ್ಲಿ ಅಬೌಟ್ ಕೋಲನ್ ಪ್ರೋಸೆಸಸ್ ಅಂತ ಹೊಡೆಯಿರಿ. ಮೆಮೊರಿ ಕಾಲಮ್ಮಿನ ಮೇಲೆ ಒತ್ತಿ, ದೊಡ್ಡದು ಮೇಲಕ್ಕೆ ಬರುವ ಹಾಗೆ ಮಾಡಿ. ನನ್ನ 112 ಟ್ಯಾಬಿನಲ್ಲಿ ಏಳೆಂಟು ಸೇರಿ ಮುಕ್ಕಾಲು ಪಾಲು ತಿಂದಿದ್ದವು. ಉಳಿದ ನೂರು ಬಡಪಾಯಿಗಳು. ಟ್ಯಾಬಿನ ಸಂಖ್ಯೆ ಹೇಳಿ ಬೈಯುವ ಉಪದೇಶಗಳ ಮೇಲೆ ನನಗೆ ನಂಬಿಕೆ ಹೋದದ್ದು ಆ ಪಟ್ಟಿ ನೋಡಿದ ಮೇಲೆ.

ಇನ್ನು ಮೆಮೊರಿ ಉಳಿಸುವ ಸೌಕರ್ಯಗಳು. ಇವನ್ನು ಹೊಗಳುವವರು ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಒಂದಲ್ಲ. ಎಡ್ಜ್ 88, 2021ರ ಜನವರಿಯಲ್ಲಿ ತಂದ ಸ್ಲೀಪಿಂಗ್ ಟ್ಯಾಬ್ಸ್ ಟ್ಯಾಬನ್ನು ಹೆಪ್ಪುಗಟ್ಟಿಸುತ್ತೆ, ಎರಡು ಗಂಟೆ ಮುಟ್ಟದಿದ್ದರೆ. ಪುಟ ಅಲ್ಲೇ ಇರುತ್ತೆ, ಕೆಲಸ ನಿಲ್ಲಿಸಿರುತ್ತೆ. ನಮ್ಮ ಕಡೆಯವರಿಗೆ ಹೇಳೋದಾದ್ರೆ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟ ಹಾಗೆ, ಇಷ್ಟು ದಿನ ಹರಿಸಿ, ಇಷ್ಟು ದಿನ ನಿಲ್ಲಿಸಿ. ಕ್ರೋಮಿನ ಮೆಮೊರಿ ಸೇವರ್, 2022ರ ಡಿಸೆಂಬರಿನಲ್ಲಿ ಬಂದದ್ದು, ಪುಟವನ್ನೇ ಎಸೆಯುತ್ತೆ. ಹೆಸರು, ವಿಳಾಸ ಮಾತ್ರ ಮೇಲೆ ಉಳಿದಿರುತ್ತೆ. ಮತ್ತೆ ಒತ್ತಿದರೆ ಮೊದಲಿಂದ ಲೋಡ್. ಮೆಮೊರಿ ಬಹಳಷ್ಟು ಕಡಿಮೆ ಅಂತ ಪ್ರಕಟಣೆಯಲ್ಲಿ ಹೇಳಿಕೊಂಡರು. ಮೆಮೊರಿ ತೀರಿದಾಗ ಎಸೆಯೋದು ಕ್ರೋಮಿಗೆ 2015ರಿಂದಲೇ ಗೊತ್ತಿತ್ತು. ಹೊಸದಾದದ್ದು, ತೀರದಿದ್ದರೂ ಸಮಯ ನೋಡಿ ಎಸೆಯೋದು.

ನನಗೆ ಒಪ್ಪಿಗೆಯಾಗದ್ದು ಇದೇ. ಖಾಲಿ ಬಿದ್ದ ರ‍್ಯಾಮ್ ಬ್ಯಾಂಕಿನಲ್ಲಿಟ್ಟ ದುಡ್ಡಲ್ಲ, ಅದಕ್ಕೆ ಬಡ್ಡಿ ಬರಲ್ಲ. 32 ಜಿಬಿಯಲ್ಲಿ 20 ಖಾಲಿ ಇರುವಾಗ ಟ್ಯಾಬ್ ಎಸೆದು ಯಾರಿಗೆ ಏನು ಉಳಿಸಿದ ಹಾಗಾಯಿತು? ವಾಪಸ್ ಹೋದಾಗ ಪುಟ ಮತ್ತೆ ನೆಟ್‌ವರ್ಕಿನಿಂದ ಬರಬೇಕು. ಈಗ ಫೋನಿಗೆ ಬರುವ ಮಧ್ಯಮ ಗಾತ್ರದ ಪುಟವೇ 2 ಎಂಬಿ ದಾಟಿದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಇಡೀ ಮನೆ ಹಾಟ್‌ಸ್ಪಾಟ್ ಹಾಕಿಕೊಂಡು ಕೂತಿರುವ ಕಡೆ, ಮೆಮೊರಿ ಉಳಿಸಿ ಡೇಟಾ ಸುಡೋದು ಉಳಿತಾಯ ಅಲ್ಲ. ಈ ವಿಷಯದಲ್ಲಿ ಫೈರ್‌ಫಾಕ್ಸ್ ನನಗೆ ಹೆಚ್ಚು ವಿವೇಕಿ ಅನ್ನಿಸುತ್ತೆ. 2021ರ ಅಕ್ಟೋಬರಿನಲ್ಲಿ ಬಂದ 93ನೇ ಆವೃತ್ತಿಯಿಂದ, ಮೊದಲು ವಿಂಡೋಸ್‌ನಲ್ಲಿ, ಮೆಮೊರಿ ನಿಜವಾಗಿ ತೀರುತ್ತಾ ಬಂದಾಗ ಮಾತ್ರ ಕೈ ಹಾಕುತ್ತೆ. ಯಾವುದನ್ನು ಮೊದಲು ಇಳಿಸೋದು ಅನ್ನೋದಕ್ಕೆ ನೀವು ಯಾವಾಗ ಮುಟ್ಟಿದ್ದಿರಿ, ಅದು ಎಷ್ಟು ತಿನ್ನುತ್ತಿದೆ ಅಂತ ನೋಡುತ್ತೆ. ಹಾಡು ಬರುತ್ತಿರುವ ಟ್ಯಾಬನ್ನು ಆದಷ್ಟು ಬಿಡುತ್ತೆ. ಕ್ರೋಮ್‌ನ ಪರವಾಗಿ ಒಂದು ಮಾತು ಹೇಳಲೇಬೇಕು: ಅರ್ಧ ತುಂಬಿದ ಅರ್ಜಿ ಇರುವ ಟ್ಯಾಬನ್ನು ಅದರ ಮೆಮೊರಿ ಸೇವರ್ ಸಾಧಾರಣವಾಗಿ ಎಸೆಯಲ್ಲ. ಯಾವ ಸೈಟನ್ನು ಯಾವತ್ತೂ ಮುಟ್ಟಬೇಡ ಅಂತ ನೀವೂ ಪಟ್ಟಿ ಕೊಡಬಹುದು. ಆ ಪಟ್ಟಿಗೆ ಹೋಗಿ ಆಫೀಸಿನ ಮೇಲ್ ಸೇರಿಸಿದರೆ ಅರ್ಧ ಕಿರಿಕಿರಿ ಕಡಿಮೆಯಾಗುತ್ತೆ.

ಎಕ್ಸ್‌ಟೆನ್ಷನ್‌ಗಳ ಕಥೆ ಬೇರೆ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದಿತ್ತು, 20 ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದರು. ಟ್ಯಾಬ್ ಮಲಗಿಸುವುದೇ ಅದರ ಕೆಲಸ, ಚೆನ್ನಾಗೇ ಮಾಡುತ್ತಿತ್ತು. 2020ರಲ್ಲಿ ಮೂಲ ಲೇಖಕ ಅದನ್ನು ಯಾರಿಗೋ ಮಾರಿದ. 2021ರ ಫೆಬ್ರವರಿ 4ರಂದು ಅದರಲ್ಲಿ ಮಾಲ್‌ವೇರ್ ಇದೆ ಅಂತ ಗೂಗಲ್ ಕಿತ್ತುಹಾಕಿತು. ಮಲಗಿದ್ದ ಟ್ಯಾಬುಗಳ ವಿಳಾಸವೆಲ್ಲ ಆ ಎಕ್ಸ್‌ಟೆನ್ಷನ್ನಿನ ಹೊಟ್ಟೆಯಲ್ಲಿ. ಮಲಗಿದವು ಏಳಲೇ ಇಲ್ಲ. ಜನ ಹಿಸ್ಟರಿಯಲ್ಲಿ ಕೆದಕಿ ಒಂದೊಂದೇ ವಿಳಾಸ ಹೊರತೆಗೆದರು.

ಯಾಕೆ ಅಷ್ಟು ಕೆದಕಬೇಕಾಯಿತು? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2021ರಲ್ಲಿ ಟ್ಯಾಬುಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಟ್ಯಾಬು ಜನರಿಗೆ ಬರೀ ಪುಟವಲ್ಲ, ಮಾಡಬೇಕಾದ ಕೆಲಸದ ಜ್ಞಾಪಕ. ಮುಚ್ಚಿದರೆ ಕಣ್ಣಿಂದ ಮರೆ, ಮನಸ್ಸಿಂದಲೂ ಮರೆ ಅನ್ನೋ ಭಯ. ಹೆಚ್ಚು ಟ್ಯಾಬಿನಿಂದ ಬ್ರೌಸರೋ ಕಂಪ್ಯೂಟರೋ ಕುಸಿದದ್ದುಂಟು ಅಂತ ಅವರು ಕೇಳಿದವರಲ್ಲಿ ಶೇ 25ರಷ್ಟು ಜನ ಹೇಳಿದ್ದರು. ಆದರೂ ಮುಚ್ಚಲ್ಲ. ನನ್ನಮ್ಮ ದಿಂಬಿನ ಕೆಳಗೆ ಚೀಟಿ ಇಡುತ್ತಿದ್ದರು, ಹಾಲಿನ ಲೆಕ್ಕ, ಯಾರ ಮನೆ ಮದುವೆ, ಯಾರಿಗೆ ಎಷ್ಟು ಮುಯ್ಯಿ. ಆ ಚೀಟಿಗಳನ್ನು "ಕಸ" ಅಂತ ಗುಡಿಸಿದವರಿಗೆ ಬೈಗುಳ ಗ್ಯಾರಂಟಿ.

ನಾನು ಅತ್ತಿಗೆಯ ದಿಂಬಿನ ಕೆಳಗಿಂದ ನೂರಕ್ಕೂ ಹೆಚ್ಚು ಚೀಟಿ ಒಂದೇ ಏಟಿಗೆ ಗುಡಿಸಿದ್ದೆ. ಏನಾದರೂ ಪ್ರಯೋಜನ ಆಯಿತಾ ಅಂದರೆ ಅದೂ ಇಲ್ಲ. ಫೋನಿನಲ್ಲಿ ನೂರು ಟ್ಯಾಬ್ ಅಂದರೆ ನೂರು ಪುಟ ಮೆಮೊರಿಯಲ್ಲಿ ಕೂತಿವೆ ಅಂತ ಅಲ್ಲ. ಜೀವಂತ ಇರೋದು ಈಚೆಗೆ ಮುಟ್ಟಿದ ಕೆಲವು ಮಾತ್ರ, ಉಳಿದದ್ದು ಬರೀ ವಿಳಾಸ. ಬ್ರೌಸರಿನಿಂದ ಮೆಸೇಜಿಗೆ ಹೋದ ಕ್ಷಣ ಬ್ರೌಸರ್ ಹಿಂದಕ್ಕೆ ಸರಿಯುತ್ತೆ. 3 ಜಿಬಿಯಲ್ಲಿ ಆಂಡ್ರಾಯ್ಡೇ ಬಹುಪಾಲು ತೆಗೆದುಕೊಂಡು, ಕೀಬೋರ್ಡು, ಮೆಸೇಜು, ವಾಟ್ಸಾಪು ಎಲ್ಲ ಕೈ ಚಾಚಿದಾಗ ಸಿಸ್ಟಮ್ಮು ಯಾರನ್ನಾದರೂ ಹೊರಗೆ ಹಾಕಲೇಬೇಕು. ಹಿಂದೆ ಕೂತವರಲ್ಲಿ ದಪ್ಪಗಿದ್ದವನು ಕಣ್ಣಿಗೆ ಬೀಳುತ್ತಾನೆ. ಅತ್ತಿಗೆಯ ಒಂದೇ ಒಂದು ಅರ್ಜಿ ಪುಟ, ತಾನೊಂದೇ ಇದ್ದರೂ ಸಾಯುವಷ್ಟು ದಪ್ಪ ಇತ್ತು. ನನ್ನ ಉಪದೇಶ ತಪ್ಪು. ತಪ್ಪು ಅಂತ ನನಗೆ ಗೊತ್ತಿರಬೇಕಿತ್ತು, ಸಂಬಳ ಬರೋದೇ ಅದಕ್ಕೆ.

ಆವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನನ್ನು ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆ ಪುಟದ ಒಳಗೆ ಇಣುಕಿದೆ. ನಾಲ್ಕು ಪುಟ ಅಂದೆನಲ್ಲ, ನಿಜಕ್ಕೂ ಅದು ಒಂದೇ ಪುಟ, ಜಾವಾಸ್ಕ್ರಿಪ್ಟು ಪರದೆ ಬದಲಾಯಿಸುತ್ತಿತ್ತು. ತುಂಬಿದ್ದೆಲ್ಲ ಮೆಮೊರಿಯಲ್ಲಿ ಮಾತ್ರ, ನಾಲ್ಕನೇ ಪರದೆಯಲ್ಲಿ ಒಪ್ಪಿಸುವ ತನಕ ಎಲ್ಲೂ ಬರೆದಿಡುತ್ತಿರಲಿಲ್ಲ. ಹಳೇ ಕಾಲದ ಸಾದಾ ಅರ್ಜಿಯಾದರೆ ಬ್ರೌಸರೇ ಎಷ್ಟೋ ಸಲ ತುಂಬಿದ್ದನ್ನು ವಾಪಸ್ ಹಾಕಿಕೊಡುತ್ತೆ. ಇಂಥ ಪುಟದಲ್ಲಿ ಖಾನೆಗಳೇ ಆಮೇಲೆ ಹುಟ್ಟೋದರಿಂದ ಅದಕ್ಕೂ ದಾರಿ ಇಲ್ಲ. ಬೈದುಕೊಂಡೆ. ಯಾವನಪ್ಪಾ ಇದನ್ನ ಬರೆದವನು ಅಂತ.

ಆಮೇಲೆ, ಯಾಕೆ ಅಂತ ಗೊತ್ತಿಲ್ಲ, ಅತ್ತಿಗೆಯ ಪ್ರಶ್ನೆ ನೆನಪಾಯಿತೋ ಏನೋ, ನಮ್ಮ ತಂಡ ಹೋದ ವರ್ಷ ಬರೆದ ಅರ್ಜಿ ಪುಟವನ್ನು ಅದೇ ಫೋನಿನಲ್ಲಿ ತೆರೆದೆ. ಅದೂ ಬಹುಪುಟದ್ದು, ಅದಕ್ಕೂ ಒಟಿಪಿ ಉಂಟು. ತುಂಬಿದೆ. ಮೆಸೇಜಿಗೆ ಹೋದೆ. ಬಂದೆ. ಬೆಳ್ಳಗೆ. ಚಕ್ರ. ಮೊದಲನೇ ಪುಟ. ಆ ಪುಟದ ಅರ್ಧ ಕೋಡು ನನ್ನ ಕೈಯದೇ.

ಇದು ಹೇಗೆ ಒಂದು ವರ್ಷ ನಮ್ಮ ಕಣ್ಣಿಗೆ ಬೀಳಲಿಲ್ಲ? ಫೋನಿನಲ್ಲಿ ಪರೀಕ್ಷೆ ಮಾಡಿದ್ದೆವು ಅಂತಲೇ ನಾವು ಹೇಳೋದು. ಮಾಡಿದ್ದು ಲ್ಯಾಪ್‌ಟಾಪಿನಲ್ಲಿ, ಕ್ರೋಮಿನ ಡೆವಲಪರ್ ಟೂಲ್ಸ್ ತೆರೆದು, ಪರದೆಯನ್ನು ಫೋನಿನಷ್ಟು ಕುಗ್ಗಿಸಿ. ಅದರಲ್ಲಿ ನೆಟ್‌ವರ್ಕನ್ನು ನಿಧಾನ ಮಾಡಬಹುದು, ಪ್ರೊಸೆಸರನ್ನು ನಿಧಾನ ಮಾಡಬಹುದು. ಮೆಮೊರಿಯನ್ನು ಬಡವಾಗಿಸುವ ಗುಂಡಿ ಇಲ್ಲ. ಹಾಗಾಗಿ ನಮ್ಮ ಪ್ರತಿಯೊಂದು "ಸಣ್ಣ ಫೋನ್" ಪರೀಕ್ಷೆಯೂ 32 ಜಿಬಿಯ ಸಣ್ಣ ಫೋನಿನಲ್ಲಿ ನಡೆದದ್ದು. ವಿ.ಸಿ. ನಾಲೆಯ ಕೊನೇ ಭಾಗಕ್ಕೆ ನೀರು ತಲುಪಿಲ್ಲ ಅಂತ ಮದ್ದೂರು, ಮಳವಳ್ಳಿ ಕಡೆಯವರು ರಸ್ತೆಗೆ ಇಳಿದ ಸುದ್ದಿಯನ್ನು ನಮ್ಮೂರಿನವರು ಪೇಪರಲ್ಲಿ ಓದುತ್ತೇವೆ. ಕನ್ನಂಬಾಡಿಗೆ ಹತ್ತಿರ ಇದ್ದವನಿಗೆ ಅದು ಓದೋ ವಿಷಯ.

ಇನ್ನೂ ಕೆಟ್ಟದ್ದು ಗ್ರಾಫು. ನಮ್ಮಲ್ಲಿ ಯಾರು ಯಾವ ಪುಟದಲ್ಲಿ ಬಿಟ್ಟು ಹೋದರು ಅನ್ನೋದಕ್ಕೆ ಒಂದು ಚಿತ್ರ ಇದೆ, ಎಲ್ಲ ಕಂಪನಿಯಲ್ಲೂ ಇರುತ್ತೆ. ಒಟಿಪಿ ಪರದೆಯಲ್ಲಿ ಒಂದು ದೊಡ್ಡ ಇಳಿಜಾರಿತ್ತು. ಮೀಟಿಂಗಿನಲ್ಲಿ ಅದಕ್ಕೆ ನಾವು ಇಟ್ಟಿದ್ದ ಹೆಸರು "ಡ್ರಾಪ್ ಆಫ್". ಬಳಕೆದಾರರಿಗೆ ಆಸಕ್ತಿ ಹೋಗುತ್ತೆ ಅಂತ ವ್ಯಾಖ್ಯಾನ. ಗುಂಡಿಯ ಬಣ್ಣ ಬದಲಾಯಿಸಿ ನೋಡಿದ್ದೆವು, ನಿಜಕ್ಕೂ. ಮೂರು ಸಲ, ನಾಲ್ಕು ಸಲ ಮೊದಲಿಂದ ತುಂಬಿದವರು ನಮ್ಮ ಲೆಕ್ಕದಲ್ಲಿ ನಾಲ್ಕು ಜನ ನಿರಾಸಕ್ತರು.

ಪರಿಹಾರ ದೊಡ್ಡದೇನಲ್ಲ, ಅದೇ ನಾಚಿಕೆಯ ವಿಷಯ. ಸಿಸ್ಟಮ್ಮು ಪುಟವನ್ನು ಕೊಲ್ಲುವಾಗ "ಹೋಗ್ತಾ ಇದ್ದೀಯ" ಅಂತ ಪುಟಕ್ಕೆ ಹೇಳಲ್ಲ, ಅನ್‌ಲೋಡ್ ಅನ್ನೋ ಸೂಚನೆಯನ್ನು ನಂಬಿ ಕೂತರೆ ಕೆಟ್ಟೆವು. ಆದರೆ ಪುಟ ಕಣ್ಣಿಂದ ಮರೆಯಾಗುವ ಕ್ಷಣ ಒಂದು ಸೂಚನೆ ಬರುತ್ತೆ, ವಿಸಿಬಿಲಿಟಿ ಚೇಂಜ್ ಅಂತ. ಆಗ ತುಂಬಿದ್ದನ್ನು ಸೆಷನ್ ಸ್ಟೋರೇಜಿಗೋ ಸರ್ವರಿಗೋ ಬರೆದಿಟ್ಟರೆ, ವಾಪಸ್ ಬಂದಾಗ ಓದಿಕೊಂಡರೆ, ಮುಗಿಯಿತು. ಆಧಾರ್ ಸಂಖ್ಯೆಯಂಥದ್ದನ್ನು ಫೋನಿನಲ್ಲಿ ಹಾಗೇ ಬರೆದಿಡಬಾರದು ಅನ್ನೋ ಎಚ್ಚರ ಬೇಕು. ಎಸೆದ ಟ್ಯಾಬು ವಾಪಸ್ ಬಂದಾಗ "ನಿನ್ನನ್ನು ಎಸೆದಿದ್ದೆ" ಅಂತ ಪುಟಕ್ಕೆ ತಿಳಿಸುವ ವ್ಯವಸ್ಥೆ ಕ್ರೋಮಿನಲ್ಲಿ 2018ರಿಂದ ಇದೆ. ಆಂಡ್ರಾಯ್ಡ್ ಕ್ರೋಮಿನಲ್ಲಿ 2020ರಿಂದ ವೆಬ್ ಒಟಿಪಿ ಅಂತಲೂ ಒಂದು ಇದೆ. ಮೆಸೇಜನ್ನು ಸರಿಯಾದ ನಮೂನೆಯಲ್ಲಿ ಕಳಿಸಿದರೆ ಬಳಕೆದಾರರು ಒಪ್ಪಿದ ಕೂಡಲೇ ಅಂಕಿ ತಾನಾಗಿ ಪುಟಕ್ಕೆ ಬರುತ್ತೆ, ಮೆಸೇಜಿಗೆ ಹೋಗುವ ಪ್ರಮೇಯವೇ ಇಲ್ಲ. ಇವೆಲ್ಲ ನನಗೆ ಗೊತ್ತಿತ್ತಾ ಅಂದರೆ, ಗೊತ್ತಿತ್ತು. ಇಂಟರ್‌ವ್ಯೂನಲ್ಲಿ ಬೇರೆಯವರಿಗೆ ಕೇಳುತ್ತೇನೆ.

ಬೆಂಗಳೂರಿಗೆ ಬಂದ ಮೇಲೆ ಟಿಕೆಟ್ ಹಾಕಿದೆ. "ಎಷ್ಟು ಯೂಸರ್ಸಿಗೆ ಆಗ್ತಿದೆ?" ಅನ್ನೋದು ಮೊದಲ ಪ್ರಶ್ನೆ. ಸರಿಯಾದ ಪ್ರಶ್ನೆಯೇ, ಆದರೆ ಅದಕ್ಕೆ ಉತ್ತರ ಹೇಳಬೇಕಾದ ಗ್ರಾಫಿನಲ್ಲಿ ಅವರೆಲ್ಲ ಆಗಲೇ ನಿರಾಸಕ್ತರಾಗಿ ಕೂತಿದ್ದಾರಲ್ಲ. ಕೊನೆಗೆ ಬರೆದಿಡುವ ಭಾಗ ಎರಡು ಸ್ಪ್ರಿಂಟ್ ಆದ ಮೇಲೆ ಒಳಗೆ ಹೋಯಿತು. ಪುಟ ತೆಳ್ಳಗೆ ಮಾಡುವ ಭಾಗ ಬ್ಯಾಕ್‌ಲಾಗಿನಲ್ಲಿದೆ. ತಂಡಕ್ಕೆ ಒಂದು 3 ಜಿಬಿ ಹಳೇ ಫೋನ್ ಕೊಡಿಸಿ ಅಂತ ಕೇಳಿದ್ದಕ್ಕೆ ಬೇಕಾದ ಒಪ್ಪಿಗೆಗಳ ಸರಮಾಲೆ ನೋಡಿ, ನಾನೇ ಒಂದು ಸೆಕೆಂಡ್ ಹ್ಯಾಂಡ್ ಕೊಂಡು ಮೇಜಿನ ಮೇಲೆ ಇಟ್ಟಿದ್ದೇನೆ. ಡ್ಯಾಶ್‌ಬೋರ್ಡಿನ ಸೋರಿಕೆಯನ್ನು ಒಬ್ಬ ಹೊಸ ಹುಡುಗ ಒಂದು ಮಧ್ಯಾಹ್ನದಲ್ಲಿ ಸರಿಮಾಡಿದ.

ಅತ್ತಿಗೆಯ ಅರ್ಜಿ ಏನಾಯಿತು ಅಂತ ಕೇಳುತ್ತೀರಿ. ಮರುದಿನ ಬೆಳಿಗ್ಗೆ ನನ್ನ ಲ್ಯಾಪ್‌ಟಾಪಿನಲ್ಲೇ ಕೂತು ತುಂಬಿದೆವು. ಒಟಿಪಿ ಅವರ ಫೋನಿಗೆ ಬಂತು, ಅವರು ಓದಿ ಹೇಳಿದರು, ನಾನು ಒತ್ತಿದೆ. ಹತ್ತು ನಿಮಿಷದ ಕೆಲಸ. ಅಣ್ಣನ ಮಗಳು ಸ್ವೀಕೃತಿಯ ಪಿಡಿಎಫ್ ಇಳಿಸಿಕೊಂಡಳು. ಅತ್ತಿಗೆ ಮಾತ್ರ ನನ್ನ ಪರದೆಯ ಮೇಲಂಚನ್ನೇ ನೋಡುತ್ತಿದ್ದರು. ಉಗುರಿನಷ್ಟು ಅಗಲಕ್ಕೆ ಕುಗ್ಗಿ ಸಾಲಾಗಿ ನಿಂತಿದ್ದ 112 ಟ್ಯಾಬು.

"ನೀನೂ ಇಷ್ಟೊಂದ್ ತೆಗ್ದು ಮಡಗಿದ್ದೀಯಲ್ಲಪ್ಪ. ನಿಂದ್ಯಾಕೆ ನಗ್ತಿಲ್ಲ?"

ಉತ್ತರ ಹೊಳೆಯಲಿಲ್ಲ. ಅವರು ಮುಂದುವರಿಸಿದರು: "ನೆನ್ನೆ ಎಲ್ಲಾ ಕ್ಲೋಸ್ ಮಾಡ್ಬುಟ್ಯಲ್ಲ, ಅದ್ರಲ್ಲಿ ಇವಳ ಹಾಸ್ಟೆಲ್ದು ಒಂದಿತ್ತು. ಪಹಣಿದು ಒಂದಿತ್ತು. ಆ ನೆಲ್ಲಿಕಾಯ್ ಎಣ್ಣೆದು ಒಂದು. ಬತ್ತವಾ ಅವು?"

ಹಿಸ್ಟರಿ ತೆರೆದು ಜಗಲಿ ಮೇಲೆ ಕೂತೆವು. ಅವರು ಹೇಳುತ್ತಾ ಹೋದರು, ನಾನು ಹುಡುಕುತ್ತಾ ಹೋದೆ. ಮಧ್ಯಾಹ್ನದ ಊಟದ ಹೊತ್ತಿಗೆ 31 ಸಿಕ್ಕಿದ್ದವು. ನೆಲ್ಲಿಕಾಯಿ ಎಣ್ಣೆ ಮಾತ್ರ ಸಿಗಲಿಲ್ಲ.